ಮಳೆಗಾಲದಲ್ಲಿ ತೋಟದ ಜೀಪಿನೊಳಗೆ ಇರತಕ್ಕ ಸಾಮಾನುಗಳು

ಕೊಡಗಿನಲ್ಲಿ ಡಾಮರು ರಸ್ತೆಯನ್ನು ಬಿಟ್ಟು ಒಂದೆರಡು ಮೈಲಿ ಕೆಮ್ಮಣ್ಣಿನ ದಾರಿಯಲ್ಲಿಳಿದು, ತೋಡೊಂದನ್ನು ದಾಟಿ, ಮತ್ತೆ ಏರನ್ನು ಹತ್ತಿದಲ್ಲದೆ ಅನೇಕ ಮನೆಗಳನ್ನೂ ತೋಟಗಳನ್ನೂ ಸೇರಲಾಗದು. ವರ್ಷಕ್ಕೆ 100 ಅಂಗುಲಕ್ಕೂ ಮಿಕ್ಕಿ ಮಳೆ ಬೀಳುವ ಮಡಿಕೇರಿ, ಭಾಗಮಂಡಲಗಳ ಸುತ್ತಿನ ಊರುಗಳಲ್ಲಿ, ಜೂನ್ ಮೊದಲ್ಗೊಂಡು ಕಕ್ಕಡ ಕಳೆಯುವವರೆಗೆ, ಗೊಬ್ಬರವನ್ನೂ ದಿನಸಿಯನ್ನೂ ರೋಗಿಯನ್ನೂ ಸಾಗಿಸುವ ಕೆಲಸಕ್ಕೆ ನಾಲ್ಕು ಚಕ್ರಗಳಿಗೂ ಬಲ ಹರಿಯುವ ಜೀಪೇ ಮುಖ್ಯ ಸಾಧನವಾಗಿರುತ್ತದೆ.

2018ನೆಯ ಆಗಸ್ಟ್ ತಿಂಗಳ ಮಧ್ಯದಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಕಾಲೂರು, ಜೋಡುಪಾಲ ಮೊದಲಾದೆಡೆಗಳಲ್ಲಿ ಬೆಟ್ಟಗಳು ಜರಿದು, ಮಡಿಕೇರಿಯಿಂದ ಸಂಪಾಜೆಗಿಳಿಯುವ ಹೆದ್ದಾರಿಯೂ ಮುಚ್ಚಿಹೋಯಿತು. 2019ರಲ್ಲಿ ವಿರಾಜಪೇಟೆ ಕಡೆಯ ತೋರದಲ್ಲಿಯೂ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿಯೂ ಬೆಟ್ಟ ಜರಿದು ಜೀವಹಾನಿಯಾಯಿತು. ಅಂಥ ಮಹಾವಿಪತ್ತು ವರ್ಷವರ್ಷವೂ ಬಾರದಿದ್ದರೂ, ಮರ ಬಿದ್ದೋ ಚಕ್ರ ಹೂತೋ ದಾರಿ ನಿಲ್ಲುವುದು ಪ್ರತಿ ಮಳೆಗಾಲದ ಸಂಗತಿಯೇ ಸರಿ. ಜೀಪಿನಲ್ಲಿ ರೋಗಿಯಿದ್ದಲ್ಲಿ ಆ ಸಣ್ಣ ತಡೆಯೇ ಪ್ರಾಣಕ್ಕೆ ಎರವಾಗಬಹುದು. ಆದುದರಿಂದ ಜೀಪನ್ನು ಮುಂದಕ್ಕೊಯ್ಯುವ ಬಲಕ್ಕಿಂತ, ಅದನ್ನು ಮನೆಗೆ ಮರಳಿ ತರುವ ಸಾಮಾನುಗಳಿಗೆ ಯಜಮಾನರು ಹೆಚ್ಚಿನ ಗಮನ ಕೊಡತಕ್ಕದ್ದು.

ಚಕ್ರದ ಸರಪಣಿ.— ಜಾರುವ ಕೆಸರಿನಲ್ಲಿ ಇದಕ್ಕೆ ಸಮನಾದುದು ಬೇರೊಂದಿಲ್ಲ. ಕೆಸರಿಗೆ ಇಳಿಯುವ ಮೊದಲೇ ಗಟ್ಟಿ ನೆಲದಲ್ಲಿ ಜೀಪನ್ನು ನಿಲ್ಲಿಸಿ ಇದನ್ನು ತೊಡಿಸಬೇಕು. ಹೂತ ಬಳಿಕ ತೊಡಿಸುವುದು ಬಹು ಪ್ರಯಾಸ. ಒಂದೇ ಜೊತೆಯಿದ್ದರೆ ಹಿಂದಿನ ಚಕ್ರಗಳಿಗೆ ಹಾಕುವುದು ವಾಡಿಕೆ. ಸ್ವಲ್ಪ ದೂರ ನಡೆಸಿ, ನಿಲ್ಲಿಸಿ, ಸಡಿಲವಾದುದನ್ನು ಮತ್ತೊಮ್ಮೆ ಬಿಗಿಯತಕ್ಕದ್ದು. ಡಾಮರು ಬಂದೊಡನೆ ಬಿಚ್ಚದಿದ್ದಲ್ಲಿ ಸರಪಣಿಯೂ ಟೈರೂ ರಸ್ತೆಯೂ ಕೆಡುವುವು.

ಎಳೆಯುವ ಪಟ್ಟಿ.— ಸುಮಾರು 30 ಅಡಿ ಉದ್ದದ, ಜೀಪಿನ ಭಾರದ ಎರಡು ಮೂರು ಪಾಲು ಸೆಳೆತವನ್ನು ತಡೆಯುವ ನೈಲಾನ್ ಪಟ್ಟಿಯೊಂದು, ಅದಕ್ಕೆ ತಕ್ಕ ಕಬ್ಬಿಣದ ಕೊಂಡಿಗಳೆರಡು ಇರಬೇಕು. ದನ ಕಟ್ಟುವ ಹಗ್ಗವಾಗಲಿ ಹಳೆಯ ತಂತಿಯಾಗಲಿ ಈ ಕೆಲಸಕ್ಕೆ ಸಲ್ಲದು. ಸೆಳೆತದಲ್ಲಿ ಕಡಿದ ತಂತಿಯು ಚಾಟಿಯಂತೆ ಬೀಸಿ ಮನುಷ್ಯನನ್ನು ಕೊಲ್ಲಬಲ್ಲುದು. ಎಳೆಯುವಾಗ ಪಟ್ಟಿಯ ನಡುವೆ ಒದ್ದೆ ಗೋಣಿಯನ್ನು ಹೊದಿಸಿ, ನೆರೆದವರೆಲ್ಲರನ್ನೂ ಪಟ್ಟಿಯ ಉದ್ದಕ್ಕಿಂತ ದೂರ ನಿಲ್ಲಿಸಬೇಕು. ಪಟ್ಟಿಯನ್ನು ಜೀಪಿನ ಚೌಕಟ್ಟಿಗೆ ಸೇರಿದ ಕೊಕ್ಕೆಗೆ ಸಿಕ್ಕಿಸಬೇಕೇ ಹೊರತು ಬಂಪರಿಗೆ ಕಟ್ಟಲಾಗದು.

ಗುದ್ದಲಿ, ಹಲಗೆ, ಜ್ಯಾಕ್.— ಚಕ್ರವು ನಿಂತಲ್ಲೇ ತಿರುಗತೊಡಗಿದೊಡನೆ ಚಾಲಕನು ಕಾಲು ತೆಗೆಯಬೇಕು. ಒತ್ತಿದಷ್ಟೂ ಜೀಪು ಆಳಕ್ಕಿಳಿಯುವುದು. ಚಕ್ರದ ಮುಂದಿನ ಕೆಸರನ್ನು ಗುದ್ದಲಿಯಿಂದ ಇಳಿಜಾರಾಗಿ ತೆಗೆದು, ಗೋಣಿಚೀಲವನ್ನೋ ನೆರಳುಮರದ ರೆಂಬೆಗಳನ್ನೋ ಹಾಸಬೇಕು. ಹಸಿ ನೆಲದಲ್ಲಿ ಜ್ಯಾಕ್ ತಾನೇ ಹೂತುಹೋಗುವುದರಿಂದ, ಒಂದೂವರೆ ಅಡಿ ಚೌಕದ, 2 ಅಂಗುಲ ದಪ್ಪದ ಗಟ್ಟಿ ಮರದ ಹಲಗೆಯನ್ನು ಅದರಡಿಗಿಡತಕ್ಕದ್ದು. ಜ್ಯಾಕಿನ ಮೇಲೆ ನಿಂತ ಜೀಪಿನಡಿಗೆ ಯಾರೂ ನುಸುಳಬಾರದು. ಗಾಳಿ ತುಂಬಿದ ಹೆಚ್ಚುವರಿ ಚಕ್ರ, ಚಕ್ರದ ಪಾನಾ, ಗಾಳಿಯ ಪಂಪು ಇವಿಷ್ಟೂ ಸದಾ ಜೊತೆಗಿರಬೇಕು.

ಕೊಡಲಿ ಮತ್ತು ಗರಗಸ.— ಬಿದ್ದ ಮರವನ್ನು ಕಡಿಯುವ ಮುನ್ನ ಅದರೊಡನೆ ವಿದ್ಯುತ್ ತಂತಿಯು ಬಿದ್ದಿದೆಯೇ ಎಂದು ನೋಡತಕ್ಕದ್ದು. ತಂತಿ ಕಂಡಲ್ಲಿ ಮರವನ್ನೂ ಮುಟ್ಟದೆ, ಹತ್ತಿರದ ನೀರಿಗೂ ಇಳಿಯದೆ ದೂರ ಸರಿದು, 1912 ಸಂಖ್ಯೆಗೆ ತಿಳಿಸಬೇಕು. ಬಾಗಿದ ರೆಂಬೆಯು ಕಡಿದೊಡನೆ ಚಿಮ್ಮುವುದರಿಂದ ಕಡಿಯುವವನು ಅದರ ಪಕ್ಕಕ್ಕೆ ನಿಲ್ಲಬೇಕು.

ದೇಹರಕ್ಷಣೆಯ ಸಾಮಾನು.— ಬ್ಯಾಟರಿ ದೀಪವೊಂದು, ಕಂಬಳಿಗಳೆರಡು, ಕುಡಿಯುವ ನೀರು, ಅವಲಕ್ಕಿ ಬೆಲ್ಲ, ಶುದ್ಧ ಬಟ್ಟೆಯ ಪಟ್ಟಿಗಳು, ಸೀಟಿಯೊಂದು, ಜಿಗಣೆಗೆ ಉಪ್ಪಿನ ಗಂಟು ಇವುಗಳನ್ನು ನೀರು ಸೋಕದ ಡಬ್ಬಿಯಲ್ಲಿಡಬೇಕು. ಹಾವು ಕಚ್ಚಿದವನ ಗಾಯವನ್ನು ಕೊಯ್ಯುವುದೂ, ಬಾಯಿಂದ ಹೀರುವುದೂ, ಮೇಲೆ ಬಿಗಿದು ಕಟ್ಟುವುದೂ ಹಾನಿಕರ. ಕಚ್ಚಿದ ಅಂಗವನ್ನು ಅಲುಗದಂತೆ ಬಿದಿರಿನ ದಬ್ಬೆಗೆ ಕಟ್ಟಿ, ನಡೆಸದೆ ಎತ್ತಿಕೊಂಡು, ವಿಷಕ್ಕೆ ಪ್ರತಿಯಾದ ಮದ್ದು ದೊರೆಯುವ ಆಸ್ಪತ್ರೆಗೆ ಒಯ್ಯುವುದೊಂದೇ ದಾರಿ. 108ಕ್ಕೆ ಕರೆಮಾಡಿ, ಆಂಬ್ಯುಲೆನ್ಸ್ ಡಾಮರು ರಸ್ತೆಯ ಯಾವ ತಿರುವಿಗೆ ಬರಬೇಕೆಂಬುದನ್ನು ಸ್ಪಷ್ಟವಾಗಿ ಹೇಳಬೇಕು.

ಮನೆಯಲ್ಲಿಡುವ ಚೀಟಿ.— ಕಣಿವೆಗಳಲ್ಲಿ ಮೊಬೈಲ್ ಫೋನ್ ಕೈಕೊಡುವುದು ಎಲ್ಲರೂ ಬಲ್ಲ ಸಂಗತಿ. ಹೊರಡುವವರು ಯಾರು, ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ ಹಿಂದಿರುಗುವರು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಮನೆಯಲ್ಲಿಡಬೇಕು. ಇದಕ್ಕೆ ಕಾಸಿನ ಖರ್ಚಿಲ್ಲ. ಆದರೆ ಹುಡುಕಲು ಹೊರಟವರಿಗೆ ಇದರಷ್ಟು ಬೆಲೆಯುಳ್ಳ ಸಾಮಾನು ಮತ್ತೊಂದಿಲ್ಲ.

ಹಿಂದಿರುಗುವ ವಿವೇಕ.— ಮೇಲ್ಕಂಡ ಸಾಮಾನುಗಳೆಲ್ಲವಿದ್ದರೂ ಕೆಲವೆಡೆ ಮುಂದುವರಿಯಲಾಗದು. 2 ಅಡಿ ಆಳದಲ್ಲಿ ರಭಸದಿಂದ ಹರಿಯುವ ನೀರು ಜೀಪನ್ನೂ ಕೊಚ್ಚಿಕೊಂಡೊಯ್ಯಬಲ್ಲುದು. ಕೆಂಪು ನೀರಿನಡಿಯಲ್ಲಿ ದಾರಿ ಉಳಿದಿದೆಯೋ ಇಲ್ಲವೋ ಕಣ್ಣಿಗೆ ಕಾಣದು. ಬರೆಯ ಮೇಲೆ ಹೊಸ ಬಿರುಕು, ಒಂದೇ ಕಡೆಗೆ ವಾಲಿದ ಮರಗಳು, ಇಲ್ಲದಿದ್ದೆಡೆ ಒಸರುವ ರಾಡಿನೀರು, ಹರಿಯುತ್ತಿದ್ದ ತೋಡು ಮಳೆಯಲ್ಲಿಯೂ ಇದ್ದಕ್ಕಿದ್ದಂತೆ ಬತ್ತುವುದು ಇವು ಬರೆ ಜರಿಯುವ ಸೂಚನೆಗಳು. ಇವನ್ನು ಕಂಡೊಡನೆ ಹಿಂದಿರುಗಿ, ಕೆಳಗಿನ ಮನೆಗಳವರನ್ನು ಎಚ್ಚರಿಸಿ, 112ಕ್ಕೆ ತಿಳಿಸತಕ್ಕದ್ದು.

ಪ್ರತಿಯೊಬ್ಬನೂ ಎಲ್ಲವನ್ನೂ ಕೊಳ್ಳಬೇಕೆಂದಿಲ್ಲ. ಊರಿನ ತಕ್ಕರೂ ತೋಟಗಾರರೂ ಕೂಡಿ, ಮೇ ತಿಂಗಳೊಳಗೆ ಊರಿಗೊಂದು ಜೊತೆ ಸರಪಣಿ, ಪಟ್ಟಿ, ಗರಗಸ, ರೋಗಿಯನ್ನು ಹೊರುವ ಡೋಲಿ ಇವನ್ನು ಒದಗಿಸಿ, ಎಲ್ಲರಿಗೂ ತಿಳಿದ ಮನೆಯೊಂದರಲ್ಲಿಡಬಹುದು. ಮಳೆಗೆ ಮುನ್ನ ಒಂದು ದಿನ ಚಾಲಕರನ್ನೂ ಯುವಕರನ್ನೂ ಸೇರಿಸಿ, ಹಗಲಿನಲ್ಲಿಯೇ ಸರಪಣಿ ತೊಡಿಸುವುದನ್ನೂ ಜೀಪನ್ನೆಳೆಯುವುದನ್ನೂ ಅಭ್ಯಾಸ ಮಾಡಿಸಬೇಕು. ಹಗಲಲ್ಲಿ ಬಳಸಿ ಕಲಿಯದ ಸಾಮಾನು ರಾತ್ರಿಯ ಮಳೆಯಲ್ಲಿ ಜೀಪಿಗೆ ಭಾರವಷ್ಟೇ ಆಗಿ ಉಳಿಯುವುದು.