ಶ್ವಾಸಕೋಶ ಸೋತರೂ ಕಾಲು ಸೋಲಬೇಕಿಲ್ಲ

ನಾನು ಬೀಡಿ, ಸಿಗರೇಟು ಮುಟ್ಟಿದವಳಲ್ಲ. ಆದರೂ ಸ್ಪೈರೋಮೆಟ್ರಿ (ಊದಿಸಿ ನೋಡುವ ಉಸಿರಿನ ಪರೀಕ್ಷೆ) ಮಾಡಿಸಿದಾಗ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಎಂದು ಗೊತ್ತಾಯಿತು. ನಮ್ಮ ಮಲೆನಾಡಿನ ಮನೆಯಲ್ಲಿ ಅಡುಗೆಗೂ ಸೌದೆ, ಬಚ್ಚಲ ಹಂಡೆಗೂ ಸೌದೆ. ಮಳೆಗಾಲದಲ್ಲಿ ಹಸಿ ಕಟ್ಟಿಗೆ ಊದಿ ಊದಿ ಕುಡಿದ ಹೊಗೆಯೇ ಕಾರಣ ಎಂದರು ಡಾಕ್ಟರು.

ಇನ್‌ಹೇಲರ್ ಜೊತೆಗೆ ಅವರು ಬರೆದುಕೊಟ್ಟದ್ದು ಪಲ್ಮನರಿ ರಿಹ್ಯಾಬ್, ಅಂದರೆ ಶ್ವಾಸಕೋಶ ಪುನಶ್ಚೇತನ. ವಾರಕ್ಕೆ ಎರಡು ಮೂರು ದಿನದಂತೆ ಸುಮಾರು ಎರಡು ತಿಂಗಳ ತರಬೇತಿ. ಏದುಸಿರು ಬಿಡುವವಳಿಗೆ ವ್ಯಾಯಾಮವೇ ಎಂದು ಮನೆಯವರು ಹೆದರಿದರು. ಫಿಸಿಯೋಥೆರಪಿಸ್ಟ್ ಬಿಡಿಸಿ ಹೇಳಿದರು: "ಅಮ್ಮಾ, ಹಾಳಾದ ಶ್ವಾಸಕೋಶನ ಮೊದಲಿನ ಹಾಗೆ ಮಾಡೋಕಾಗಲ್ಲ. ಆದ್ರೆ ದಮ್ಮು ಬರುತ್ತೆ ಅಂತ ಓಡಾಟ ಕಡಿಮೆ ಆದಷ್ಟೂ ಕಾಲಿನ ಸ್ನಾಯು ಸೊರಗುತ್ತೆ. ಸೊರಗಿದ ಸ್ನಾಯು ಅಷ್ಟೇ ಕೆಲಸಕ್ಕೆ ಹೆಚ್ಚು ಉಸಿರು ಕೇಳುತ್ತೆ. ಅದನ್ನ ಗಟ್ಟಿ ಮಾಡೋಣ."

ಮೊದಲಿಗೆ ಆರು ನಿಮಿಷದ ನಡಿಗೆ ಪರೀಕ್ಷೆ. 30 ಮೀಟರ್ ಕಾರಿಡಾರಿನಲ್ಲಿ ಹೋಗಿ ಬರುತ್ತಿರಬೇಕು. ಸುಸ್ತಾದರೆ ನಿಲ್ಲಬಹುದು, ಗಡಿಯಾರ ನಿಲ್ಲುವುದಿಲ್ಲ. ಬೆರಳಿಗೆ ಪಲ್ಸ್ ಆಕ್ಸಿಮೀಟರ್. ದಮ್ಮು ಎಷ್ಟಿದೆ ಎಂದು 0ಯಿಂದ 10ರವರೆಗಿನ ಪಟ್ಟಿಯಲ್ಲಿ ತೋರಿಸಬೇಕು. ತರಬೇತಿಯಲ್ಲಿ ನನ್ನ ನಡಿಗೆಯ ವೇಗ, ಕುರ್ಚಿಯಿಂದ ಎದ್ದು ಕೂರುವ ಲೆಕ್ಕ ಎಲ್ಲವೂ ಆ ಅಂಕಿ ನೋಡಿಕೊಂಡೇ ನಿಗದಿಯಾದವು. 4ರ ಆಸುಪಾಸಿಗೆ ಏರಿದರೆ ಗಾಬರಿ ಬೇಡ, ಸ್ವಲ್ಪವೂ ದಮ್ಮು ಬಾರದಿದ್ದರೆ ಸ್ನಾಯುವಿಗೆ ತರಬೇತಿಯೇ ಆಗುವುದಿಲ್ಲ ಎಂದರು. ದಮ್ಮು ಬಂದ ಕೂಡಲೇ ಅಪಾಯವಲ್ಲ ಎಂಬ ಧೈರ್ಯವೇ ನನಗೆ ಅರ್ಧ ಔಷಧಿ.

ಉಸಿರಾಟದ ಪಾಠ ಇನ್ನೊಂದು. ಈ ಕಾಯಿಲೆಯಲ್ಲಿ ಗಾಳಿ ಹೊರಗೆ ಬಾರದೆ ಒಳಗೇ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಮೂಗಿನಿಂದ ಎಳೆದು, ಸೀಟಿ ಊದುವಂತೆ ತುಟಿ ಕೂಡಿಸಿ, ಎಳೆದದ್ದಕ್ಕಿಂತ ಎರಡರಷ್ಟು ಹೊತ್ತು ನಿಧಾನ ಬಿಡಬೇಕು. ಬಿಂದಿಗೆ ಎತ್ತುವಾಗ, ಮೆಟ್ಟಿಲಿಗೆ ಕಾಲಿಡುವಾಗ ಉಸಿರು ಬಿಡಬೇಕು. ಶಕ್ತಿ ಉಳಿಸುವುದನ್ನೂ ಕಲಿಸಿದರು: ಸ್ಟೂಲಿನ ಮೇಲೆ ಕೂತು ಸ್ನಾನ ಮಾಡಿದರೆ ಬಟ್ಟೆ ಉಡಲು ಶಕ್ತಿ ಉಳಿಯುತ್ತದೆ.

ತರಬೇತಿ ಮುಗಿದಾಗ ಸ್ಪೈರೋಮೆಟ್ರಿಯ ಅಂಕಿ ಹೆಚ್ಚು ಬದಲಾಗಿರಲಿಲ್ಲ. ಆದರೆ ಅದೇ ಆರು ನಿಮಿಷದಲ್ಲಿ ಹೆಚ್ಚು ದೂರ ನಡೆದೆ. ಈಗ ತೋಟದ ತುದಿಯವರೆಗೆ ಒಬ್ಬಳೇ ಹೋಗಿ ಬರುತ್ತೇನೆ. ವ್ಯಾಯಾಮ ಬಿಟ್ಟರೆ ಗಳಿಸಿದ್ದು ಕೆಲವೇ ತಿಂಗಳಲ್ಲಿ ಕರಗುತ್ತದೆ, ಹಾಗಾಗಿ ಮನೆಯಲ್ಲೂ ಮುಂದುವರಿಸಿದ್ದೇನೆ.

ಸಿಒಪಿಡಿ ಇರುವವರಿಗೆ ನನ್ನ ಮಾತು ಇಷ್ಟೇ: ಮುಂದಿನ ಸಲ ಡಾಕ್ಟರ ಬಳಿ ಹೋದಾಗ ರಿಹ್ಯಾಬ್ ಬಗ್ಗೆ ನೀವೇ ಬಾಯಿಬಿಟ್ಟು ಕೇಳಿ. ದಮ್ಮು ಹೆಚ್ಚಾಗಿ ಆಸ್ಪತ್ರೆ ಸೇರಿ ಬಂದವರಂತೂ ತಡಮಾಡದೆ ಕೇಳಿ. ಹತ್ತಿರದಲ್ಲಿ ಕೇಂದ್ರ ಇಲ್ಲದಿದ್ದರೆ, ಮನೆಯಲ್ಲೇ ಮಾಡುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಒಬ್ಬರಿಂದ ಕಲಿತು ಶುರು ಮಾಡಿ.