ಮಕ್ಕಳ ಮಧುಮೇಹ: ಬರುವ ಮುನ್ನವೇ ತಡೆಯಬಹುದೇ?

ಭಟ್ಕಳ, ಹೊನ್ನಾವರ, ಕುಮಟಾ ಭಾಗದ ಪಾಲಕರು ನಮ್ಮನ್ನು ಕೇಳುವ ಪ್ರಶ್ನೆಯೊಂದಿದೆ: “ದೊಡ್ಡ ಮಗನಿಗೆ ಸಕ್ಕರೆ ಕಾಯಿಲೆ ಬಂದು ದಿನವೂ ಇನ್ಸುಲಿನ್ ಚುಚ್ಚುತ್ತಿದ್ದೇವೆ. ಅವನ ತಂಗಿಗೆ ಬಾರದಂತೆ ಒಂದು ಕಷಾಯ ಕೊಡಿ, ಡಾಕ್ಟರೇ.” ಅಂತಹ ಕಷಾಯ ನಮ್ಮಲ್ಲಿ ಇಲ್ಲವೆಂದು ಸ್ಪಷ್ಟವಾಗಿ ಹೇಳುವುದೇ ವೈದ್ಯಧರ್ಮ.

ಸುಶ್ರುತ ಸಂಹಿತೆಯು ಪ್ರಮೇಹವನ್ನು ಸಹಜ ಮತ್ತು ಅಪಥ್ಯದಿಂದ ಬಂದದ್ದು ಎಂದು ಎರಡಾಗಿ ವಿಂಗಡಿಸಿದೆ. ಮೊದಲನೆಯ ರೋಗಿ ಕೃಶ, ಎರಡನೆಯವನು ಸ್ಥೂಲ. ಇಂದಿನ ಟೈಪ್ ೧ ಮತ್ತು ಟೈಪ್ ೨ ಇವೇ ಎನ್ನಲಾಗದು; ಆದರೆ ಎಲ್ಲ ಮಧುಮೇಹವೂ ಒಂದೇ ಅಲ್ಲವೆಂಬ ತಿಳಿವು ಪ್ರಾಚೀನರಿಗಿತ್ತು. ಟೈಪ್ ೨ ಅನ್ನು ಮಿತಾಹಾರ ಮತ್ತು ವ್ಯಾಯಾಮಗಳಿಂದ ಬಹುಮಟ್ಟಿಗೆ ದೂರವಿಡಬಹುದು. ಟೈಪ್ ೧ರಲ್ಲಿ ದೇಹದ ರಕ್ಷಣಾ ಶಕ್ತಿಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಮಾಡುತ್ತದೆ. ಮಗುವಿಗೆ ಸಿಹಿ ತಿನ್ನಿಸಿದ ತಪ್ಪಿನಿಂದ ಇದು ಬರುವುದಿಲ್ಲ. ತಾಯಂದಿರು ತಮ್ಮನ್ನು ಹಳಿದುಕೊಳ್ಳಬಾರದು.

ಈ ನಾಶವು ಮೂರು ಹಂತಗಳಲ್ಲಿ ಸಾಗುತ್ತದೆ. ಮೊದಲ ಹಂತದಲ್ಲಿ ರಕ್ತದ ಸಕ್ಕರೆ ಸರಿಯಾಗಿದ್ದರೂ, ಆ ಜೀವಕೋಶಗಳ ವಿರುದ್ಧ ಎರಡು ಅಥವಾ ಹೆಚ್ಚು ಬಗೆಯ ಪ್ರತಿಕಾಯಗಳು ಕಂಡುಬರುತ್ತವೆ. ಎರಡನೆಯದರಲ್ಲಿ ಸಕ್ಕರೆ ಏರುಪೇರಾಗುತ್ತದೆ. ಮೂರನೆಯದರಲ್ಲಿ ರೋಗ ಪ್ರಕಟವಾಗುತ್ತದೆ. ರೋಗಿಯ ಒಡಹುಟ್ಟಿದವರಲ್ಲಿ ನೂರಕ್ಕೆ ಸುಮಾರು ಐವರಿಗೆ ಈ ಕಾಯಿಲೆ ಬರಬಹುದೆಂದು ವಿದೇಶದ ಅಧ್ಯಯನಗಳು ಹೇಳುತ್ತವೆ. ಅಂದರೆ ಬಹುಪಾಲು ಮಕ್ಕಳಿಗೆ ಬರುವುದಿಲ್ಲ.

ತಡೆಯುವ ಯತ್ನಗಳು ಸುಲಭವಾಗಿ ಫಲಿಸಲಿಲ್ಲ. ಅಪಾಯವುಳ್ಳವರಿಗೆ ಮುಂಚಿತವಾಗಿ ಇನ್ಸುಲಿನ್ ಚುಚ್ಚುಮದ್ದು ಕೊಟ್ಟ ಅಮೆರಿಕದ ಪ್ರಯೋಗ ೨೦೦೨ರಲ್ಲಿಯೂ, ನಿಕೋಟಿನಮೈಡ್ ಎಂಬ ಜೀವಸತ್ವ ಕೊಟ್ಟ ಪ್ರಯೋಗ ೨೦೦೪ರಲ್ಲಿಯೂ ನಿಷ್ಫಲವೆಂದು ಪ್ರಕಟವಾದವು. ೨೦೧೯ರಲ್ಲಿ ಮೊದಲ ಬೆಳಕು ಕಂಡಿತು. ಎರಡನೆಯ ಹಂತದಲ್ಲಿದ್ದ ೭೬ ಮಂದಿಯ ಅಧ್ಯಯನದಲ್ಲಿ, ಹದಿನಾಲ್ಕು ದಿನ ರಕ್ತನಾಳದ ಮೂಲಕ ಕೊಟ್ಟ ಟೆಪ್ಲಿಜುಮಾಬ್ ಔಷಧವು ರೋಗವನ್ನು ಸುಮಾರು ಎರಡು ವರ್ಷ ಮುಂದೂಡಿತು. ೨೦೨೨ರ ನವೆಂಬರಿನಲ್ಲಿ ಅಮೆರಿಕ ಇದಕ್ಕೆ ಅನುಮತಿ ನೀಡಿತು. ಇದು ಮುಂದೂಡುವ ಮದ್ದೇ ಹೊರತು ಗುಣಪಡಿಸುವುದಲ್ಲ. ಅತಿ ದುಬಾರಿ, ನಮ್ಮ ತಾಲೂಕು ಆಸ್ಪತ್ರೆಗಳಲ್ಲಿ ದೊರೆಯುವಂಥದ್ದೂ ಅಲ್ಲ.

ಹಾಗಾದರೆ ನಾವು ಮಾಡಬೇಕಾದುದೇನು? ಪ್ರತಿಕಾಯ ಪರೀಕ್ಷೆಯ ಬಗ್ಗೆ ಮಧುಮೇಹ ತಜ್ಞರೊಡನೆ ಮಾತನಾಡಬಹುದು. ಅದಕ್ಕಿಂತ ಮುಖ್ಯವಾದುದು ಎಚ್ಚರ. ಅತಿ ಬಾಯಾರಿಕೆ, ಪದೇ ಪದೇ ಮೂತ್ರ, ಬಿಟ್ಟಿದ್ದ ಹಾಸಿಗೆ ಒದ್ದೆಮಾಡುವ ಅಭ್ಯಾಸ ಮರುಕಳಿಸುವುದು, ತೂಕ ಇಳಿಯುವುದು: ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಬೆರಳ ತುದಿಯ ರಕ್ತಪರೀಕ್ಷೆ ಮಾಡಿಸಬೇಕು. ವಾಂತಿ, ಹೊಟ್ಟೆನೋವು, ವೇಗದ ಉಸಿರಾಟ ಸೇರಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಇನ್ಸುಲಿನ್ ನಿಲ್ಲಿಸಿ ಮಧುನಾಶಿನಿ ಎಲೆ ತಿನ್ನಿಸಿದ್ದರಿಂದ ಪ್ರಜ್ಞೆ ತಪ್ಪಿದ ಬಾಲಕನೊಬ್ಬನನ್ನು ಹೆದ್ದಾರಿಯುದ್ದಕ್ಕೂ ಮಣಿಪಾಲಕ್ಕೆ ಸಾಗಿಸಿದ್ದನ್ನು ನಾವು ಕಂಡಿದ್ದೇವೆ. ಅವನು ಬದುಕಿ ಬಂದ. ಎಲ್ಲರೂ ಬರುವುದಿಲ್ಲ. ೧೯೨೨ರ ಜನವರಿಯಲ್ಲಿ ಟೊರಾಂಟೊದ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಮೊದಲ ಬಾರಿ ಇನ್ಸುಲಿನ್ ಕೊಡುವವರೆಗೆ ಈ ಮಕ್ಕಳಿಗೆ ಬದುಕುವ ದಾರಿಯೇ ಇರಲಿಲ್ಲ. ಪಥ್ಯ, ವ್ಯಾಯಾಮಗಳು ಇನ್ಸುಲಿನ್ನಿನ ಜೊತೆಗಿರಲಿ. ಅದರ ಬದಲಿಗೆ ಬೇಡ.