ಮೂಗಿನ ಅಲರ್ಜಿಯೂ ಥೈರಾಯ್ಡ್ ವ್ಯಾಧಿಯೂ

ಪ್ರಶ್ನೆ: ನನಗೆ 34 ವರ್ಷ. ಬಹುಕಾಲದಿಂದ ಬೆಳಗ್ಗೆ ಎದ್ದೊಡನೆ ಸಾಲುಸಾಲಾಗಿ ಸೀನು, ಮೂಗಿನಲ್ಲಿ ನೀರು. ಈಚೆಗೆ ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನಾದ ಟಿಎಸ್‌ಎಚ್ ಹೆಚ್ಚಾಗಿದೆ, ಥೈರಾಯ್ಡಿನ ವಿರುದ್ಧದ ಟಿಪಿಒ ಪ್ರತಿಕಾಯವೂ ಇದೆ ಎಂದು ತಿಳಿಯಿತು. ಮೂಗಿನ ನಂಜೇ ಗಂಟಲಿಗೆ ಇಳಿದಿದೆಯೆಂದು ಮನೆಯವರ ಅಭಿಪ್ರಾಯ. ಅಲರ್ಜಿ ವಾಸಿಯಾದರೆ ಥೈರಾಯ್ಡ್ ಮಾತ್ರೆ ಬಿಡಬಹುದೇ?
– ಓದುಗಿತಿ, ತುಮಕೂರು

ಉತ್ತರ: ಬಿಡಕೂಡದು, ತಾಯಿ. ನಂಜು ಮೂಗಿನಿಂದ ಗಂಟಲಿಗೆ ಇಳಿಯಿತೆಂಬ ಮಾತನ್ನು ನಂಬಿ ಔಷಧ ಬಿಟ್ಟು, ಮೈ ಊದಿಕೊಂಡು ಮರಳಿ ಬರುವವರನ್ನು ಕಂಡಾಗಲೆಲ್ಲ ನನಗೆ ವ್ಯಥೆಯೂ ಸಿಟ್ಟೂ ಒಟ್ಟಿಗೇ ಬರುತ್ತವೆ. ಮೂಗಿನ ಅಲರ್ಜಿಯಲ್ಲಿ ದೇಹದ ರಕ್ಷಣಾವ್ಯವಸ್ಥೆಯು ಪರಾಗ, ಧೂಳುಹುಳು ಮೊದಲಾದ ನಿರಪಾಯಕರ ಪರವಸ್ತುಗಳನ್ನು ಶತ್ರುಗಳೆಂದು ಭ್ರಮಿಸಿ, ಐಜಿಇ ಎಂಬ ಪ್ರತಿಕಾಯದ ಮೂಲಕ ಹಿಸ್ಟಮಿನ್ ಸ್ರವಿಸುವಂತೆ ಮಾಡುತ್ತದೆ. 1912ರಲ್ಲಿ ಜಪಾನಿನ ಶಸ್ತ್ರವೈದ್ಯ ಹಕಾರು ಹಶಿಮೊಟೊ ವರ್ಣಿಸಿದ, ಈಗ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿರುವ ನಿಮ್ಮ ವ್ಯಾಧಿಯಲ್ಲಾದರೋ, ಅದೇ ವ್ಯವಸ್ಥೆ ತನ್ನ ದೇಹದ ಥೈರಾಯ್ಡ್ ಗ್ರಂಥಿಯನ್ನೇ ಕ್ರಮೇಣ ಕ್ಷಯಗೊಳಿಸುತ್ತದೆ. ಇವೆರಡೂ ಒಬ್ಬರಲ್ಲೇ ಕಾಣಿಸಿಕೊಳ್ಳುವುದುಂಟು. ಥೈರಾಯ್ಡ್ ಅತಿಯಾಗಿ ಸ್ರವಿಸುವ ಗ್ರೇವ್ಸ್ ವ್ಯಾಧಿಯು, ಪರಾಗದ ಅಲರ್ಜಿ ಉಲ್ಬಣಿಸಿದ ಬಳಿಕ ಕೆಲವರಲ್ಲಿ ಮರುಕಳಿಸಿದುದನ್ನು ಜಪಾನಿನ ವೈದ್ಯರು ವರದಿಮಾಡಿದ್ದಾರೆ. ಹಾಗೆಂದು ಸೀನು ನಿಂತೊಡನೆ ಕ್ಷೀಣಿಸಿದ ಗ್ರಂಥಿ ಚೇತರಿಸಿಕೊಳ್ಳುವುದೆಂದು ಭಾವಿಸುವುದು ತಪ್ಪು.

ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿರಿ. ಒಂದು ಕೈಯಲ್ಲಿ ಮಾತ್ರೆ, ಇನ್ನೊಂದರಲ್ಲಿ ಕಾಫಿ ಲೋಟ ಎಂಬ ಅಭ್ಯಾಸ ಬೇಡ. ಕಾಫಿಗೆ ಅರ್ಧ ಗಂಟೆಯಾದರೂ, ಕಬ್ಬಿಣ ಹಾಗೂ ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಯೂ ಅಂತರವಿರಲಿ. ಮಾತ್ರೆಯ ಪ್ರಮಾಣ ಬದಲಾದಾಗಲೆಲ್ಲ 6ರಿಂದ 8 ವಾರಗಳ ನಂತರ ಟಿಎಸ್‌ಎಚ್ ಪರೀಕ್ಷಿಸಿಕೊಳ್ಳಿರಿ. ಗರ್ಭ ನಿಂತರೆ ಕೂಡಲೇ. ಅಲರ್ಜಿಗಾಗಿ ಸೆಟಿರಿಜಿನ್ ತೆಗೆದುಕೊಳ್ಳುವುದಕ್ಕೆ ಥೈರಾಯ್ಡ್ ಅಡ್ಡಿಯಲ್ಲ.

ಪ್ರಶ್ನೆ: ಮೂಗಿಗೆ ಸಿಂಪಡಿಸುವ ಸ್ಟೀರಾಯ್ಡ್‌ನಿಂದ ಥೈರಾಯ್ಡ್ ಕೆಡುವುದೇ?
– ಓದುಗರು, ಹಾಸನ

ಉತ್ತರ: ವೈದ್ಯರು ಹೇಳಿದ ಪ್ರಮಾಣದಲ್ಲಿ ಬಳಸಿದರೆ ಆ ಭಯ ಬೇಡ, ರಕ್ತಕ್ಕೆ ಸೇರುವ ಅಂಶ ಅತ್ಯಲ್ಪ. ನಾನು ಅಂಜುವುದು, ಕಟ್ಟಿದ ಮೂಗನ್ನು ಕ್ಷಣದಲ್ಲಿ ಬಿಡಿಸುವ ಹನಿಗಳಿಗೆ. ಮೂರರಿಂದ ಐದು ದಿನ ಮೀರಿ ಹಾಕಿಕೊಂಡರೆ ಮೂಗು ಮತ್ತಷ್ಟು ಕಟ್ಟಿಕೊಳ್ಳುತ್ತದೆ.

ಪ್ರಶ್ನೆ: ನನಗೆ ಸೀನಿಲ್ಲ, ತುರಿಕೆಯಿಲ್ಲ, ಆದರೂ ಮೂಗು ಸದಾ ಕಟ್ಟಿರುತ್ತದೆ. ಆಯಾಸ, ಮಲಬದ್ಧತೆಯೂ ಉಂಟು. ಅಕ್ಕನಿಗೆ ಥೈರಾಯ್ಡ್ ಇದೆ. ಅಲರ್ಜಿ ಮಾತ್ರೆ ಮುಂದುವರಿಸಲೇ?
– ಓದುಗಿತಿ, ಶಿರಸಿ

ಉತ್ತರ: ಇಷ್ಟು ಲಕ್ಷಣಗಳನ್ನು ಇಷ್ಟು ಚೆನ್ನಾಗಿ ಬರೆಯುವ ತಾವು ಒಂದು ರಕ್ತಪರೀಕ್ಷೆಯನ್ನು ಮುಂದೂಡಿರುವುದೇಕೆ? ಥೈರಾಯ್ಡ್ ಕುಂದಿದಾಗ ಮೂಗಿನ ಒಳಪೊರೆಯೂ ಊದಿಕೊಂಡು ಉಸಿರಿಗೆ ಅಡ್ಡಿಯಾಗಬಲ್ಲದು. ಅಲರ್ಜಿಯೆಂದು ತಾವೇ ನಿರ್ಧರಿಸದೆ ಈ ವಾರವೇ ಟಿಎಸ್‌ಎಚ್ ಮಾಡಿಸಿರಿ. ಫಲಿತಾಂಶ ಸರಿಯಾಗಿದ್ದರೆ ಮೂಗಿನ ತಜ್ಞರನ್ನು ಕಾಣಿರಿ.